ಹಳೆಯ ಬಾಕ್ಸ್‌ಸ್ಟರ್‌ಗೆ ಅಗ್ಗದ ಓಬಿಡಿ ರೀಡರ್ ಸಾಕೇ?

ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು 986. ಅದು 1996ರಿಂದ 2004ರವರೆಗೆ ತಯಾರಾಯಿತು. ಅಮೆರಿಕ, ಯುರೋಪ್‌ಗಳ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ಕಾರು ಸಾಮಾನ್ಯ ಸಂಬಳದವರ ಕೈಗೂ ಎಟುಕುತ್ತದೆ. ಕೈ ಸುಡುವುದು ರಿಪೇರಿಯಲ್ಲಿ. ಎಂಜಿನ್ ನಡುಗುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ, ಮಾಲೀಕ ಗಾಬರಿಯಾಗಿ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾನೆ, ವಾರದಲ್ಲಿ ದೀಪ ಮತ್ತೆ ಹತ್ತುತ್ತದೆ. ಈ ಸುತ್ತಾಟವನ್ನು ತಪ್ಪಿಸಲು ಕಾರಿನ ಓಬಿಡಿ (ತನ್ನ ದೋಷಗಳನ್ನು ತಾನೇ ಕೋಡ್‌ಗಳಲ್ಲಿ ದಾಖಲಿಸುವ ವ್ಯವಸ್ಥೆ) ಸಾಕೆಟ್‌ಗೆ ಸಿಕ್ಕಿಸಿ ಫೋನಿನ ಆ್ಯಪ್‌ನಲ್ಲಿ ಓದುವ, ಇಎಲ್‌ಎಂ327 ಚಿಪ್ ಮಾದರಿಯ ಬ್ಲೂಟೂತ್ ರೀಡರ್ ಎಷ್ಟು ನೆರವಾಗುತ್ತದೆ ಎಂಬುದೇ ಈ ವಿಮರ್ಶೆ.

ಮೊದಲು ಕೊಳ್ಳುವ ವಿಚಾರ. 986ರ ಎಂಜಿನ್ ಕಂಪ್ಯೂಟರ್ ಐಎಸ್‌ಒ 9141-2 ಎಂಬ ಹಳೆಯ ಪ್ರೋಟೋಕಾಲ್‌ನಲ್ಲಿ, ಸಾಕೆಟ್‌ನ 7ನೇ ಪಿನ್ ಮೂಲಕ ಮಾತಾಡುತ್ತದೆ. ಇದನ್ನು ಕೆ-ಲೈನ್ ಎನ್ನುತ್ತಾರೆ. ತೀರಾ ಅಗ್ಗದ ನಕಲುಗಳಲ್ಲಿ, ಅದರಲ್ಲೂ ಆವೃತ್ತಿ '2.1' ಎಂದು ಮುದ್ರಿಸಿರುವ ಅನೇಕ ರೀಡರ್‌ಗಳಲ್ಲಿ, ಈ ಪ್ರೋಟೋಕಾಲ್ ಸರಿಯಾಗಿ ಇರುವುದಿಲ್ಲ. ಹೊಸ ಕಾರುಗಳಲ್ಲಿ ಚೆನ್ನಾಗಿ ನಡೆಯುವ ಅದೇ ರೀಡರ್ ಬಾಕ್ಸ್‌ಸ್ಟರ್‌ನಲ್ಲಿ 'ಕನೆಕ್ಟ್ ಆಗುತ್ತಿಲ್ಲ' ಎಂದು ಕೂತುಬಿಡುತ್ತದೆ. '1.5' ಎಂದು ಬರೆದದ್ದು ಹೆಚ್ಚಾಗಿ ಕೆಲಸ ಮಾಡುತ್ತದೆ. ಆದರೆ ಇಎಲ್‌ಎಂ327ರ ಮೂಲ ಕಂಪನಿ ಆ ಸಂಖ್ಯೆಯ ಚಿಪ್ ತಯಾರಿಸಿಯೇ ಇಲ್ಲ, ಹಾಗಾಗಿ ಅದನ್ನೂ ಗುಣಮಟ್ಟದ ಮುದ್ರೆ ಎಂದು ನಂಬಬೇಡಿ. ವಾಪಸ್ ಮಾಡುವ ಅವಕಾಶ ಇರುವ ಕಡೆಯೇ ಕೊಳ್ಳಿ. ಐಫೋನ್ ಇದ್ದವರು ಹಳೆಯ ಬಗೆಯ ಬ್ಲೂಟೂತ್ ರೀಡರ್ ತಂದರೆ ಅದು ಜೋಡಿಯಾಗುವುದಿಲ್ಲ. ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದು ಬೇಕು. ಇನ್ನೊಂದು ಎಚ್ಚರ: ಯುರೋಪ್‌ನಲ್ಲಿ ಪೆಟ್ರೋಲ್ ಕಾರುಗಳಿಗೆ ಓಬಿಡಿ ಕಡ್ಡಾಯವಾದದ್ದು 2001ರಲ್ಲಿ. ಅಮೆರಿಕದಲ್ಲಿ 1996ರಲ್ಲೇ ಆಗಿತ್ತು. ಆದ್ದರಿಂದ ಅಮೆರಿಕದಾಚೆಗೆ ಮಾರಾಟವಾದ 90ರ ದಶಕದ ಬಾಕ್ಸ್‌ಸ್ಟರ್‌ನಲ್ಲಿ ಸಾಕೆಟ್ ಇದ್ದರೂ ಸಾಮಾನ್ಯ ರೀಡರ್‌ಗೆ ಉತ್ತರ ಸಿಗದಿರಬಹುದು.

ಸಾಕೆಟ್ ಡ್ರೈವರ್ ಕಡೆ ಡ್ಯಾಶ್‌ಬೋರ್ಡ್‌ನ ಕೆಳಗೆ, ಮೊಣಕಾಲಿನ ಹತ್ತಿರ ಇದೆ. ಕೀ ಆನ್ ಮಾಡಿ, ರೀಡರ್ ಸಿಕ್ಕಿಸಿ, ಎರಡು ಮೂರು ಸೆಕೆಂಡು ಕಾಯಿರಿ. ಕೆ-ಲೈನ್ ನಿಧಾನದ ದಾರಿ. ಆ್ಯಪ್‌ನಲ್ಲಿ ಇಪ್ಪತ್ತು ಮೀಟರ್ ಹರಡಿಕೊಂಡರೆ ಒಂದೂ ಸರಿಯಾಗಿ ಅಲುಗಾಡುವುದಿಲ್ಲ. ನಾಲ್ಕೈದೇ ಇಟ್ಟುಕೊಳ್ಳಿ: ಎರಡೂ ಬ್ಯಾಂಕಿನ (ಮೂರು ಮೂರು ಸಿಲಿಂಡರ್‌ಗಳ ಸಾಲು) ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಳತೆ), ಆರ್‌ಪಿಎಂ, ಕೂಲಂಟ್ ತಾಪ, ವೋಲ್ಟೇಜ್.

ಕೋಡ್ ಓದುವುದರಲ್ಲಿ ರೀಡರ್ ಚೆನ್ನಾಗಿದೆ, ಅದರ ಅರ್ಥ ಹೇಳುವುದರಲ್ಲಿ ಆ್ಯಪ್ ದಾರಿ ತಪ್ಪಿಸುತ್ತದೆ. ಪಿ0 ಎಂದು ಶುರುವಾಗುವ ಕೋಡ್‌ಗಳ ಅರ್ಥ ಎಲ್ಲ ಕಾರಿಗೂ ಒಂದೇ. ಪಿ1 ಎಂದು ಶುರುವಾದರೆ ಪ್ರತಿ ತಯಾರಕರಿಗೂ ಬೇರೆ. ಬಾಕ್ಸ್‌ಸ್ಟರ್‌ನಲ್ಲಿ ಅತಿ ಸಾಮಾನ್ಯವಾದ ಪಿ1128, ಪಿ1130 ಜೋಡಿಗೆ ಆ್ಯಪ್ ಬೇರೆ ಯಾವುದೋ ಬ್ರ್ಯಾಂಡಿನ ವಿವರಣೆ ತೋರಿಸಿಬಿಡಬಹುದು. ಪೋರ್ಷೆಯಲ್ಲಿ ಅವು ಹೇಳುವುದು, ಎರಡೂ ಬ್ಯಾಂಕಿನಲ್ಲಿ ಮಿಶ್ರಣ ತೆಳುವಾಗಿದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸಿ ಹೆಚ್ಚಿಸಿ ತನ್ನ ಮಿತಿ ಮುಟ್ಟಿದೆ ಎಂದು. ತೆಳುವಾಗಿದೆ ಎಂದು ವರದಿ ಮಾಡಿದ್ದು ಆಕ್ಸಿಜನ್ ಸೆನ್ಸರ್. ವರದಿ ತಂದವನನ್ನೇ ಬದಲಿಸಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಈ ರೀಡರ್‌ನ ನಿಜವಾದ ಬೆಲೆ ಇರುವುದು ಫ್ಯೂಯೆಲ್ ಟ್ರಿಮ್‌ನಲ್ಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ ನೋಡಿ. ಶೇ 10ರ ಒಳಗೆ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐಡ್ಲಿಂಗ್‌ನಲ್ಲಿ ಎರಡೂ ಬ್ಯಾಂಕ್ ಶೇ 15–20 ಏರಿ, ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಬರುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ, ಅದಕ್ಕೇ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ಲೋಡ್ ಹೆಚ್ಚಿದಂತೆ ಟ್ರಿಮ್ ಏರಿದರೆ ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆ ಅಥವಾ ಪೆಟ್ರೋಲ್ ಒತ್ತಡ ಸಾಲುತ್ತಿಲ್ಲ. ಒಂದೇ ಬ್ಯಾಂಕ್ ಏರಿದರೆ ಆ ಬದಿಯ ಇನ್‌ಟೇಕ್ ಗ್ಯಾಸ್ಕೆಟ್, ಎಕ್ಸಾಸ್ಟ್ ಸೋರಿಕೆ, ಕೊನೆಗೆ ಆ ಬದಿಯ ಸೆನ್ಸರ್, ಈ ಕ್ರಮದಲ್ಲಿ ನೋಡಿ.

ಗಾಳಿ ಸೋರುವ ಜಾಗಗಳು ಈ ಕಾರಿನಲ್ಲಿ ಹೆಚ್ಚುಕಡಿಮೆ ಗೊತ್ತಿರುವವೇ: ಥ್ರಾಟಲ್ ಬಾಡಿ ಹಿಂದಿನ ರಬ್ಬರ್ ಬೆಲ್ಲೋಸ್, ಇನ್‌ಟೇಕ್ ಪ್ಲೀನಮ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಜೋಡಿಸುವ ರಬ್ಬರ್ ತೋಳುಗಳು ಮತ್ತು ಅವುಗಳ ಕ್ಲಾಂಪ್, ಆಯಿಲ್ ಹಾಕುವ ಮುಚ್ಚಳದ ಸೀಲ್, ಆ ಮುಚ್ಚಳದಿಂದ ಕೆಳಗಿಳಿಯುವ ಸುರುಳಿ ಪೈಪು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಅದು ವರ್ಷಗಳ ಬಿಸಿಗೆ ಗಡುಸಾಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಹೊಗೆ ಬಿಟ್ಟು ಪರೀಕ್ಷಿಸಿದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪರಾಧಿ ಏರ್-ಆಯಿಲ್ ಸೆಪರೇಟರ್, ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ, ಎಲ್ಲರೂ ಎಒಎಸ್ ಎನ್ನುವ ಭಾಗ. ಅದರೊಳಗಿನ ಪೊರೆ ಹರಿದರೆ ಇನ್‌ಟೇಕ್‌ನ ನಿರ್ವಾತ ನೇರ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಆಯಿಲನ್ನು ಎಳೆದು ತರುತ್ತದೆ. ಬಿಳಿ ಹೊಗೆ, ನಡುಗುವ ಐಡ್ಲಿಂಗ್, ಏರಿದ ಟ್ರಿಮ್, ಕೆಲವೊಮ್ಮೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೋಡ್, ಎಲ್ಲ ಒಟ್ಟಿಗೆ ಬರುತ್ತವೆ. ಪರೀಕ್ಷೆ ಸುಲಭ: ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ಹೋದಾಗ ಒಳಗಿನಿಂದ ಯಾರೋ ಹಿಡಿದಂತೆ ಎಳೆದರೆ ಎಒಎಸ್ ಹೋಗಿದೆ. ಒತ್ತಡ ಅಳೆಯುವ ಮಾನೊಮೀಟರ್ ಇದ್ದರೆ ಇನ್ನೂ ಖಚಿತ; ನಿರ್ವಾತ ನೀರಿನ ಅಳತೆಯಲ್ಲಿ ಸುಮಾರು 5 ಇಂಚು ಇದ್ದರೆ ಸರಿ, ಅದಕ್ಕಿಂತ ಬಹಳ ಮೇಲೆ ಹೋದರೆ ಬದಲಿಸಿ. ಕೆಲವು ದಿನ ನಿಂತ ಕಾರು ಸ್ಟಾರ್ಟ್ ಆದಾಗ ಒಂದು ಉಸಿರು ಹೊಗೆ ಬಿಡುವುದು ಮಲಗಿದ ಸಿಲಿಂಡರ್‌ಗಳ ಎಂಜಿನ್‌ಗೆ ಸಹಜ, ಅದಕ್ಕೆ ಹೆದರಬೇಡಿ. ನೆನಪಿಡಿ, 'ಎಒಎಸ್ ಹೋಗಿದೆ' ಎಂಬ ಕೋಡ್ ಇಲ್ಲ. ರೀಡರ್ ಟ್ರಿಮ್ ತೋರಿಸಿ ನಿಮ್ಮನ್ನು ಆ ಮುಚ್ಚಳದವರೆಗೆ ಕರೆದೊಯ್ಯುತ್ತದೆ, ಅಷ್ಟೇ.

ಏರ್‌ಫ್ಲೋ ಸೆನ್ಸರ್ ಮೇಲೆ ಅನುಮಾನ ಬಂದರೆ ಕೀ ಆಫ್ ಮಾಡಿ ಅದರ ಪ್ಲಗ್ ಬಿಚ್ಚಿ ಸ್ಟಾರ್ಟ್ ಮಾಡಿ. ಮೊದಲಿಗಿಂತ ನಯವಾಗಿ ಓಡಿದರೆ ಅನುಮಾನ ನಿಜ. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದು ಪೂರ್ತಿ ಒಣಗಿಸಿ. ಬೆರಳು ತಾಗಿಸಬೇಡಿ, ಕಾರ್ಬ್ ಕ್ಲೀನರ್ ಹತ್ತಿರವೂ ತರಬೇಡಿ. ಎಣ್ಣೆ ಹಚ್ಚಿದ ಏರ್ ಫಿಲ್ಟರ್ ಹಾಕಿದ ಕಾರುಗಳಲ್ಲಿ ಈ ತೊಂದರೆ ಮರುಕಳಿಸಬಹುದು.

ಮಿಸ್‌ಫೈರ್ ಪತ್ತೆಗೆ ಈ ರೀಡರ್ ಇನ್ನೂ ಉಪಯುಕ್ತ. ಪಿ0301ರಿಂದ ಪಿ0306ರವರೆಗಿನ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. 1ರಿಂದ 3 ಒಂದು ಬ್ಯಾಂಕ್, 4ರಿಂದ 6 ಇನ್ನೊಂದು. ಪಿ0303 ಬಂದರೆ 3ರ ಇಗ್ನಿಷನ್ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) 5ಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಕೋಡ್ ಪಿ0305 ಆದರೆ ಕಾಯಿಲ್ ಕೆಟ್ಟಿದೆ. 3ರಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಿ. ಈ ಕಾಯಿಲ್‌ಗಳ ಹೊರಕವಚದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಮಳೆಯಲ್ಲಿ, ಕಾರು ತೊಳೆದ ಮೇಲೆ ಮಾತ್ರ ಎಂಜಿನ್ ಮಿಸ್ ಹೊಡೆದರೆ ಇದೇ ಕಾರಣ ಎಂದುಕೊಳ್ಳಿ. ಕಾಯಿಲ್ ತೆಗೆದಾಗ ತುದಿಗೆ ಆಯಿಲ್ ಮೆತ್ತಿದ್ದರೆ ಪ್ಲಗ್ ಟ್ಯೂಬಿನ ಓ-ರಿಂಗ್ ಹೋಗಿದೆ. ಎಂಜಿನ್ ತಣ್ಣಗಿರುವಾಗ ಮಾತ್ರ ಪ್ಲಗ್ ಬಿಚ್ಚಿ. ಕೂರಿಸುವಾಗ 30 ನ್ಯೂಟನ್ ಮೀಟರ್, ಕಾಯಿಲ್ ಬೋಲ್ಟಿಗೆ 10. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಕರಗಿಸುತ್ತದೆ. ಒಂದು ಕಾಯಿಲ್‌ನಲ್ಲಿ ಮುಗಿಯುವ ಖರ್ಚು ಹತ್ತಾರು ಪಟ್ಟಾಗುತ್ತದೆ.

ಇನ್ನು ಸಾಲದ ಕಡೆ. ಎಬಿಎಸ್, ಏರ್‌ಬ್ಯಾಗ್ ದೀಪಗಳ ವಿಷಯದಲ್ಲಿ ಈ ರೀಡರ್ ಕುರುಡು. ಅವನ್ನು ಓದಲೂ ಆಗದು, ಅಳಿಸಲೂ ಆಗದು. 986ರಲ್ಲಿ ಏರ್‌ಬ್ಯಾಗ್ ದೀಪ ಹೆಚ್ಚಾಗಿ ಹತ್ತುವುದು ಸೀಟ್ ಬೆಲ್ಟ್ ಬಕಲ್‌ನ ಸ್ವಿಚ್, ಸೀಟಿನ ಕೆಳಗಿನ ಕನೆಕ್ಟರ್ ಅಥವಾ ಬ್ಯಾಟರಿ ಇಳಿದಿರುವುದರಿಂದ. ಸರಿಮಾಡಿದ ಮೇಲೂ ದೀಪ ಆರಿಸಲು ಪೋರ್ಷೆಗೆಂದೇ ಮಾಡಿದ ಸಾಧನ ಬೇಕು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ನಡೆಯುವ ಡ್ಯುರಾಮೆಟ್ರಿಕ್ ಅಂಥದ್ದು. ಬೆಲೆ ಇದರ ಹಲವು ಪಟ್ಟು, ಆದರೆ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಅದೇ ಒಳ್ಳೆಯ ಆಯ್ಕೆ. ಕುಖ್ಯಾತ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಮಧ್ಯಂತರ ಶಾಫ್ಟ್‌ನ ಬೇರಿಂಗ್, ಮುರಿದರೆ ಎಂಜಿನ್ನೇ ಹಾಳು) ಬಗ್ಗೆಯೂ ಯಾವ ಕೋಡ್‌ನ ಮುನ್ಸೂಚನೆಯನ್ನೂ ನಂಬಬೇಡಿ. ಪ್ರತಿ ಆಯಿಲ್ ಬದಲಾವಣೆಯಲ್ಲಿ ಫಿಲ್ಟರ್ ಬಿಚ್ಚಿ ಲೋಹದ ಚೂರು ಹುಡುಕುವುದು ಒಳ್ಳೆಯ ದಾರಿ.

ಕೋಡ್ ಅಳಿಸುವ ಗುಂಡಿ ಬಹಳ ಹತ್ತಿರದಲ್ಲಿದೆ, ಅದೇ ಈ ಆ್ಯಪ್‌ಗಳ ದೋಷ. ಅಳಿಸಿದರೆ ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ಅಳತೆಗಳು), ಕಲಿತ ಟ್ರಿಮ್ ಎಲ್ಲವೂ ಹೋಗುತ್ತವೆ. ಮೊದಲು ಪ್ರತಿ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ರಾಶಿ ರಾಶಿ ಸಂಬಂಧವಿಲ್ಲದ ಕೋಡ್ ಬಂದರೆ ಬ್ಯಾಟರಿ ಅಳೆಯಿರಿ: ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.5ರಿಂದ 14.5 ಇರಬೇಕು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ, 2000ದಿಂದೀಚೆಗಿನ ಎಲೆಕ್ಟ್ರಾನಿಕ್ ಥ್ರಾಟಲ್ ಕಾರಿನಲ್ಲಿ ಪೆಡಲ್ ಮುಟ್ಟದೆ ಕೀಯನ್ನು ಒಂದು ನಿಮಿಷ ಆನ್ ಇಟ್ಟು, ಹತ್ತು ಸೆಕೆಂಡು ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಐಡ್ಲಿಂಗ್ ತೂಗಾಡುತ್ತದೆ.

ಕೆಲಸ ಮುಗಿದೊಡನೆ ರೀಡರ್ ಕಿತ್ತಿಡಿ. ಸಾಕೆಟ್‌ನ 16ನೇ ಪಿನ್‌ಗೆ ಕೀ ಆಫ್ ಇದ್ದರೂ ವಿದ್ಯುತ್ ಇರುತ್ತದೆ, ಅಗ್ಗದ ರೀಡರ್‌ಗೆ ನಿದ್ದೆ ಹೋಗಲು ಬರುವುದಿಲ್ಲ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಎಲೆಕ್ಟ್ರಿಕ್ ಲಾಚ್ ಇರುವ ಕಾರಿನಲ್ಲಿ ಬ್ಯಾಟರಿ ಸತ್ತರೆ ಆ ಡಿಕ್ಕಿಯೇ ತೆರೆಯದು. ಆಗ ಫ್ಯೂಸ್ ಬಾಕ್ಸ್‌ನಲ್ಲಿ ಹೊರಗೆಳೆಯಬಹುದಾದ ಪಾಸಿಟಿವ್ ಟರ್ಮಿನಲ್‌ಗೆ ಹೊರಗಿನಿಂದ 12 ವೋಲ್ಟ್ ಕೊಟ್ಟು ಲಾಚ್ ಬಿಡಿಸಬೇಕಾಗುತ್ತದೆ.