ಮೂರು ವರ್ಷ ವೂಕಾಮರ್ಸ್‌ನಲ್ಲಿ ಇಳಕಲ್ ಸೀರೆ ಮಾರಿದ ಮೇಲೆ

ಇಳಕಲ್‌ನಲ್ಲಿ ನಮ್ಮಪ್ಪನದು ಸೀರೆ ಅಂಗಡಿ. ಮನೆಯಲ್ಲಿ ಎರಡು ಕುಣಿ ಮಗ್ಗ, ಓಣಿಯಲ್ಲಿ ನಮಗೆ ನೇಯ್ದುಕೊಡುವ ಐದಾರು ಮನೆ. 2022ರವರೆಗೆ ದೂರದ ಗಿರಾಕಿಗಳೆಲ್ಲ ವಾಟ್ಸಾಪ್‌ನಲ್ಲೇ ಇದ್ದರು. ಫೋಟೊ ಕಳಿಸು, ರೇಟು ಹೇಳು, ದುಡ್ಡು ಬಂತಾ ನೋಡು, ಅಡ್ರೆಸ್ ಕೇಳು, ಹೀಗೆ ಒಂದು ಸೀರೆಗೆ ಮೂವತ್ತು ಮೆಸೇಜು. ಶ್ರಾವಣ ಬಂದರೆ ಅಪ್ಪನಿಗೆ ಊಟಕ್ಕೂ ಬಿಡುವಿಲ್ಲ. ಆ ವರ್ಷ ದೀಪಾವಳಿಗೆ ಮೊದಲು ವೂಕಾಮರ್ಸ್ ಎನ್ನುವ ತಂತ್ರಾಂಶದಲ್ಲಿ ಸ್ವಂತ ಆನ್‌ಲೈನ್ ಅಂಗಡಿ ತೆರೆದೆವು. ನಾನು ಓದಿದ್ದು ಬಿ.ಕಾಂ., ಕೋಡಿಂಗ್ ಬರುವುದಿಲ್ಲ. ನನ್ನ ಹಾಗೆ ಏನೂ ಗೊತ್ತಿಲ್ಲದೆ ಶುರುಮಾಡುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಗ ನನ್ನ ಮುಂದಿದ್ದದ್ದು ಎರಡೇ ದಾರಿ. ಒಂದು ಶಾಪಿಫೈ ತರಹದ ಬಾಡಿಗೆ ಅಂಗಡಿ: ತಿಂಗಳಿಗಿಷ್ಟು ಕಟ್ಟಿದರೆ ಸರ್ವರ್, ಭದ್ರತೆ, ಅಪ್‌ಡೇಟ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಎರಡನೆಯದು, ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್. ಇದು 2011ರಲ್ಲಿ ಶುರುವಾದ ಓಪನ್ ಸೋರ್ಸ್ ಪ್ಲಗಿನ್ (ಸೈಟಿಗೆ ಹೊಸ ಕೆಲಸ ಕಲಿಸುವ ಜೋಡಣೆ, ಕೋಡ್ ಎಲ್ಲರಿಗೂ ತೆರೆದದ್ದು), 2015ರಲ್ಲಿ ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. ತಂತ್ರಾಂಶ ಉಚಿತ, ಡೊಮೇನ್ (ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಸರ್ವರಿನ ಬಾಡಿಗೆ) ಖರ್ಚು ನಮ್ಮದು.

ಲೆಕ್ಕ ಹಾಕಿ ನೋಡಿದೆ. ಗಿರಾಕಿಯ ಹಣವನ್ನು ಆನ್‌ಲೈನ್‌ನಲ್ಲಿ ಪಡೆದು ನಮಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ಎರಡು ದಾರಿಗೂ ಬೇಕೇ ಬೇಕು. ನಮ್ಮ ಗೇಟ್‌ವೇ ತೆಗೆದುಕೊಳ್ಳುವುದು 2%, ಅದರ ಮೇಲೆ 18% ಜಿಎಸ್‌ಟಿ. ಮೂರು ಸಾವಿರದ ಸೀರೆಗೆ 70 ರೂಪಾಯಿ 80 ಪೈಸೆ ಹೋಗುತ್ತದೆ. ಶಾಪಿಫೈನವರ ಸ್ವಂತ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇರಲಿಲ್ಲ. ಹೊರಗಿನ ಗೇಟ್‌ವೇ ಬಳಸಿದರೆ ಬೇಸಿಕ್ ಪ್ಲಾನ್‌ನಲ್ಲಿ ಇನ್ನೂ 2% ಅವರಿಗೆ, ಅಂದರೆ ಮತ್ತೆ 60 ರೂಪಾಯಿ. ಕೈಮಗ್ಗದ ಸೀರೆಯಲ್ಲಿ ನಮಗೆ ಉಳಿಯುವ ಲಾಭದಲ್ಲಿ ಅರವತ್ತು ರೂಪಾಯಿ ಸಣ್ಣದಲ್ಲ. ಅದಕ್ಕೇ ವೂಕಾಮರ್ಸ್ ಆರಿಸಿಕೊಂಡೆ.

ಇನ್‌ಸ್ಟಾಲ್ ಮಾಡಲು ಒಂದು ಸಂಜೆ ಸಾಕಾಯಿತು. ಅಂಗಡಿ ಅನ್ನುವ ಹಾಗೆ ಆಗಲು ಎರಡು ತಿಂಗಳು ಹಿಡಿಯಿತು. ಗೇಟ್‌ವೇಯವರು ಕೆವೈಸಿ ಜೊತೆಗೆ ರೀಫಂಡ್ ನಿಯಮ, ಶಿಪ್ಪಿಂಗ್ ನಿಯಮ, ಪ್ರೈವೆಸಿ, ಸಂಪರ್ಕ ಈ ಪುಟಗಳೆಲ್ಲ ಸೈಟಿನಲ್ಲಿವೆಯಾ ಎಂದು ನೋಡುತ್ತಾರೆ. ಅರ್ಜಿ ಹಾಕುವ ಮೊದಲೇ ಅವನ್ನು ಬರೆದಿಡಿ.

ನಾನು ಎಡವಿದ್ದು ಸ್ಟಾಕ್ ವಿಷಯದಲ್ಲಿ. ಬಣ್ಣ, ದಡಿ, ಉದ್ದ ಆರಿಸಿಕೊಳ್ಳುವಂತೆ ಒಂದೇ ವೇರಿಯಬಲ್ ಪ್ರಾಡಕ್ಟ್ ಮಾಡಬೇಕೆಂದು ಎಲ್ಲ ವಿಡಿಯೊಗಳೂ ಹೇಳಿಕೊಡುತ್ತವೆ. ಹಾಗೇ ಮಾಡಿದೆ: ಐದು ಬಣ್ಣ, ಮೂರು ದಡಿ, ಮೂರು ಉದ್ದ, ಒಟ್ಟು 45 ವೇರಿಯೇಷನ್. ಟೀ ಶರ್ಟಿಗೆ ಇದು ಸರಿಹೋಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಮಗ್ಗದ ಉದ್ದದ ಎಳೆಗಳ) ತುದಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ, ಒಂದೊಂದು ಸೀರೆಗೂ ಬೇರೆ ಹಾಸು. ನವಿಲು ಹಸಿರಿನ ಎರಡು ಸೀರೆ ಪಕ್ಕಪಕ್ಕ ಇಟ್ಟರೆ ಹಸಿರೇ ಬೇರೆ ಕಾಣುತ್ತದೆ. ಫೋಟೊದಲ್ಲಿ ಒಂದು ನೋಡಿ, ಕೈಗೆ ಇನ್ನೊಂದು ಬಂದಾಗ ಸೊಲ್ಲಾಪುರದ ಒಬ್ಬ ಅಕ್ಕ ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿಯೇ. ಆಮೇಲೆ 45ನ್ನೂ ಅಳಿಸಿ, ಪ್ರತಿ ಸೀರೆಯನ್ನೂ ಬೇರೆ ಸಿಂಪಲ್ ಪ್ರಾಡಕ್ಟ್ ಮಾಡಿ ಸ್ಟಾಕ್ ‘1’ ಎಂದು ಹಾಕಿದೆ. ಆರು, ಎಂಟು, ಒಂಬತ್ತು ಗಜ ಎನ್ನುವುದು ಈಗ ಹುಡುಕಲು ಫಿಲ್ಟರ್ ಮಾತ್ರ. ಕೈಯಿಂದ ಮಾಡಿದ ಯಾವುದೇ ವಸ್ತು ಮಾರುವವರು ಮೊದಲ ದಿನವೇ ಹೀಗೆ ಮಾಡಿ.

ಸ್ಟಾಕ್ ಒಂದೇ ಇದ್ದಾಗ ಇನ್ನೊಂದು ಅಪಾಯವಿದೆ. ವೂಕಾಮರ್ಸ್‌ನಲ್ಲಿ ‘ಹೋಲ್ಡ್ ಸ್ಟಾಕ್’ ಅನ್ನುವ ಸೆಟ್ಟಿಂಗ್ ಮೊದಲಿಂದಲೇ 60 ನಿಮಿಷಕ್ಕೆ ಇರುತ್ತದೆ. ಅಷ್ಟರಲ್ಲಿ ಹಣ ಬಂದದ್ದು ಸೈಟಿಗೆ ತಿಳಿಯದಿದ್ದರೆ ಆರ್ಡರ್ ತಾನೇ ರದ್ದಾಗಿ ಸೀರೆ ಮತ್ತೆ ಮಾರಾಟಕ್ಕೆ ಬರುತ್ತದೆ. ಒಂದು ರಾತ್ರಿ ಪುಣೆಯ ಗಿರಾಕಿ ಯುಪಿಐನಲ್ಲಿ ಹಣ ಹಾಕಿ, ನಮ್ಮ ಪುಟಕ್ಕೆ ವಾಪಸ್ ಬರುವ ಮೊದಲೇ ಬ್ರೌಸರ್ ಮುಚ್ಚಿದ್ದಾರೆ. ಹಣ ಬಂದ ಸುದ್ದಿಯನ್ನು ಗೇಟ್‌ವೇಯಿಂದ ಸೈಟಿಗೆ ಮುಟ್ಟಿಸುವ ವೆಬ್‌ಹುಕ್ ನಾನು ಹಾಕಿರಲಿಲ್ಲ. ಬೆಳಿಗ್ಗೆ ಅದೇ ದಾಳಿಂಬ ಕೆಂಪು ಸೀರೆಯನ್ನು ಧಾರವಾಡದವರು ಕೊಂಡರು. ಇಬ್ಬರ ಹಣವೂ ಬಂದಿದೆ, ಸೀರೆ ಒಂದು. ಅಪ್ಪ ನನ್ನನ್ನು ಬೈಯಲಿಲ್ಲ. ‘ಒಂದ ಸೀರೀನ ಇಬ್ಬರಿಗೆ ಹ್ಯಾಂಗ ಕೊಡಾಕ ಆಗತೈತಿ ಅವ್ವಾ? ಮೊದಲ ರೊಕ್ಕಾ ಕೊಟ್ಟವರಿಗೆ ಕಳಸು, ಇನ್ನೊಬ್ಬರಿಗೆ ನೀನ ಫೋನ್ ಮಾಡು’ ಅಂದರು. ಮಾಡಿದೆ. ರೀಫಂಡ್ ಕೊಟ್ಟೆವು, ಗೇಟ್‌ವೇ ಕಮಿಷನ್ ಮಾತ್ರ ಹಿಂದಿರುಗಲಿಲ್ಲ. ಅವತ್ತೇ ವೆಬ್‌ಹುಕ್ ಜೋಡಿಸಿದೆ. ಅದಾದ ಮೇಲೆ ಆನ್‌ಲೈನ್‌ನಲ್ಲಿ ಹೀಗೆ ಇನ್ನೊಮ್ಮೆ ಆಗಿಲ್ಲ.

ಅಂಗಡಿಯ ಕಟ್ಟೆಯ ಮೇಲೂ ಅದೇ ಸೀರೆ ಮಾರುತ್ತೇವಲ್ಲ, ಅದಕ್ಕೊಂದು ಉಪಾಯ. ಪ್ರತಿ ಸೀರೆಗೂ ದಾರದಲ್ಲಿ ನಂಬರ್ ಚೀಟಿ ಕಟ್ಟಿದ್ದೇವೆ. ಸೀರೆ ಮಾರಿದ ಕೂಡಲೇ ಅಪ್ಪ ಫೋನಿನ ವೂಕಾಮರ್ಸ್ ಆಪ್ ತೆಗೆದು ಆ ನಂಬರಿನ ಸ್ಟಾಕ್ ಸೊನ್ನೆ ಮಾಡುತ್ತಾರೆ. ಕಲಿಯಲು ಅವರಿಗೆ ಎರಡೇ ದಿನ ಸಾಕಾಯಿತು.

ಫೋಟೊ ವಿಷಯ ಹೇಳಲೇಬೇಕು. ಪ್ರಾಡಕ್ಟ್ ಪಟ್ಟಿಯಲ್ಲಿ ಚಿತ್ರಗಳನ್ನು ವೂಕಾಮರ್ಸ್ ತಾನಾಗಿ ಚೌಕಾಕಾರಕ್ಕೆ ಕತ್ತರಿಸುತ್ತದೆ. ನನ್ನ ಉದ್ದುದ್ದ ಫೋಟೊಗಳಲ್ಲಿ ಮೇಲಿದ್ದ ಸೆರಗು, ಕೆಳಗಿದ್ದ ದಡಿ ಎರಡೂ ಹೋಗಿ ನಡುವಿನ ಖಾಲಿ ಒಡಲು ಮಾತ್ರ ಉಳಿದಿತ್ತು. ನಮ್ಮ ಸೀರೆ ಗುರುತಾಗುವುದೇ ಟೋಪ್ ತೆನಿ ಸೆರಗಿನಿಂದ, ಕೆಂಪು-ಬಿಳಿಯಲ್ಲಿ ಜೋಳದ ತೆನೆಯ ಹಾಗೆ ಏಳುವ ಆ ಸಾಲಿನಿಂದ. ಅದೇ ಕಾಣದಿದ್ದರೆ ಯಾರು ಕೊಳ್ಳುತ್ತಾರೆ? ಕಸ್ಟಮೈಸ್‌ನಲ್ಲಿ ಪ್ರಾಡಕ್ಟ್ ಇಮೇಜಸ್‌ಗೆ ಹೋಗಿ ‘ಅನ್‌ಕ್ರಾಪ್ಡ್’ ಆರಿಸಿದರೆ ಮುಗಿಯಿತು.

ಕನ್ನಡದಲ್ಲಿ ಅಂಗಡಿ ಇಡುವವರಿಗೆ ಎರಡು ಮಾತು. ಸೀರೆಯ ಹೆಸರನ್ನು ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಲಿಂಕನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ವಾಟ್ಸಾಪ್‌ಗೆ ಹಾಕಿದರೆ ಒಂದೊಂದು ಅಕ್ಷರವೂ ಶೇಕಡಾ ಚಿಹ್ನೆಗಳ ಸಾಲಾಗಿ, ಮೆಸೇಜ್ ತುಂಬ ಅರ್ಥವಾಗದ ಲಿಂಕ್. ಜನ ಅದನ್ನು ವೈರಸ್ ಎಂದುಕೊಂಡು ಒತ್ತುವುದಿಲ್ಲ. ಹೆಸರು ಕನ್ನಡದಲ್ಲೇ ಇರಲಿ, ‘ಸ್ಲಗ್’ (ಲಿಂಕಿನ ಕೊನೆಯಲ್ಲಿ ಬರುವ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಎರಡನೆಯದು ಬಿಲ್ಲು. ನಾನು ಮೊದಲು ಹಾಕಿದ ಪಿಡಿಎಫ್ ಪ್ಲಗಿನ್‌ಗೆ ಒತ್ತಕ್ಷರ ಬರುತ್ತಿರಲಿಲ್ಲ. ‘ಚಿಕ್ಕಿ ದಡಿ’ ಹೋಗಿ ‘ಚಿಕ್‌ಕಿ ದಡಿ’ ಆಯಿತು, ‘ರೇಷ್ಮೆ’ ‘ರೇಷ್‌ಮೆ’ ಆಯಿತು. ಮದುವೆ ಸೀರೆ ಕೊಂಡವರ ಹೆಸರೇ ಒಡೆದು ಅಚ್ಚಾದರೆ ಮನಸ್ಸಿಗೆ ಎಷ್ಟು ಕಷ್ಟ! ಪ್ಲಗಿನ್ ಬದಲಿಸಿದೆ. ಕೊಳ್ಳುವ ಮೊದಲು ನಿಮ್ಮದೇ ಹೆಸರಿನ ಒಂದು ಬಿಲ್ಲು ತೆಗೆದು ನೋಡಿ.

ಆರ್ಡರ್ ಇಮೇಲ್‌ಗಳು ಹೋಸ್ಟಿಂಗ್ ಸರ್ವರಿನಿಂದ ನೇರವಾಗಿ ಹೋದರೆ ಬಹಳಷ್ಟು ಸ್ಪ್ಯಾಮ್‌ಗೆ ಬೀಳುತ್ತವೆ. ಮೇಲ್ ಸೇವೆಯೊಂದರ ಮೂಲಕ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ. ತೂಕದ ಮೇಲೆ ಅಂಚೆ ಖರ್ಚು ಲೆಕ್ಕಹಾಕಲು ಬೇರೆ ಪ್ಲಗಿನ್ ಬೇಕು, ನಾವು ಕರ್ನಾಟಕಕ್ಕೊಂದು, ಹೊರರಾಜ್ಯಕ್ಕೊಂದು ಫ್ಲ್ಯಾಟ್ ರೇಟ್ ಇಟ್ಟುಕೊಂಡಿದ್ದೇವೆ. ಕ್ಯಾಶ್ ಆನ್ ಡೆಲಿವರಿ ಆರು ತಿಂಗಳು ಇಟ್ಟು ತೆಗೆದುಬಿಟ್ಟೆವು. ಬಾಗಿಲಲ್ಲಿ ಬೇಡವೆಂದ ಸೀರೆಗೆ ಹೋಗುವ, ಬರುವ ಎರಡೂ ಖರ್ಚು ನಮ್ಮ ತಲೆಗೆ.

ಎರಡನೇ ವರ್ಷ ಯುಗಾದಿಗೆ ನಾಲ್ಕು ದಿನ ಮೊದಲು ಒಂದು ಪ್ಲಗಿನ್ ಅಪ್‌ಡೇಟ್ ಮಾಡಿದೆ, ಚೆಕ್‌ಔಟ್ ಪುಟ ಬಿಳಿಯಾಯಿತು. ಹೋಸ್ಟಿಂಗ್‌ನವರ ಹತ್ತಿರ ಇದ್ದ ಬ್ಯಾಕಪ್ ಒಂದು ವಾರ ಹಳೆಯದು. ಅದನ್ನೇ ಹಾಕಿದೆವು, ಆ ವಾರದ ಆರ್ಡರ್‌ಗಳನ್ನು ಗೇಟ್‌ವೇ ಪಟ್ಟಿ ನೋಡಿ ಕೈಯಲ್ಲಿ ಬರೆದುಕೊಂಡೆ. ಈಗ ಅಪ್‌ಡ್ರಾಫ್ಟ್‌ಪ್ಲಸ್ ಎನ್ನುವ ಪ್ಲಗಿನ್ ದಿನವೂ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಹಾಕುತ್ತದೆ. ಅಪ್‌ಡೇಟ್ ಮಾಡುವುದು ಮಂಗಳವಾರ ಮಧ್ಯಾಹ್ನ ಮಾತ್ರ, ಹಬ್ಬದ ಹದಿನೈದು ದಿನ ಯಾವುದನ್ನೂ ಮುಟ್ಟುವುದಿಲ್ಲ.

ವಾರಕ್ಕೆ ಎರಡು ಗಂಟೆ ಇದಕ್ಕೇ ಕೂರುವ ಒಬ್ಬರು ಮನೆಯಲ್ಲಿದ್ದರೆ ವೂಕಾಮರ್ಸ್ ತೆಗೆದುಕೊಳ್ಳಿ. ಗಿರಾಕಿಗಳ ಪಟ್ಟಿ, ಆರ್ಡರ್‌ಗಳು, ಫೋಟೊಗಳು ನಮ್ಮ ಕೈಯಲ್ಲೇ ಇರುತ್ತವೆ. ನಾನು ಒಮ್ಮೆ ಹೋಸ್ಟಿಂಗ್ ಕಂಪನಿ ಬದಲಿಸಿದಾಗ ಇಡೀ ಅಂಗಡಿಯನ್ನು ಹಾಗೇ ಎತ್ತಿಕೊಂಡು ಹೋದೆ. ಅಂಥವರು ಇಲ್ಲದಿದ್ದರೆ ಬಾಡಿಗೆ ಅಂಗಡಿಯೇ ಒಳ್ಳೆಯದು, ಆ ಅರವತ್ತು ರೂಪಾಯಿ ನಿಮ್ಮ ನಿದ್ದೆಗೆ ಕೊಟ್ಟಿದ್ದು ಅಂದುಕೊಳ್ಳಿ. ಇಪ್ಪತ್ತು ಸೀರೆಯೂ ಇಲ್ಲದವರು ಇನ್ನೊಂದು ವರ್ಷ ವಾಟ್ಸಾಪ್ ಕ್ಯಾಟಲಾಗ್‌ನಲ್ಲೇ ಇರಿ.

ನಾವು ಮುಂದಿನ ಮೂರು ವರ್ಷಕ್ಕೂ ಹೋಸ್ಟಿಂಗ್ ಕಟ್ಟಿದ್ದೇವೆ. ಕಚ್ಚೆ ಉಡುವ ಅಜ್ಜಿಯರಿಗೆಂದು ಒಂಬತ್ತು ಗಜದ ಆರು ಸೀರೆ ಮಗ್ಗದಿಂದ ಇಳಿದಿವೆ. ನಾಲ್ಕರ ಫೋಟೊ ಆಗಿದೆ, ಇನ್ನೆರಡಕ್ಕೆ ನಾಳೆ ಬೆಳಗಿನ ಬಿಸಿಲು ಕಾಯುತ್ತಿದ್ದೇನೆ.