60 ಹರ್ಟ್ಜ್ ಮಾನಿಟರ್ ಅನ್ನು 75ಕ್ಕೆ ಏರಿಸುವ ಮೂರು ದಾರಿ: ನನಗೆ ಹಿಡಿಸಿದ್ದು ಯಾವುದು?

ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದೇ ಅದರ ಹರ್ಟ್ಜ್. 60 ಹರ್ಟ್ಜ್ ಎಂದು ಬರೆದಿರುವ ಮಾನಿಟರ್‌ಗಳಲ್ಲಿ ಎಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಓಡುತ್ತವೆ. ನನ್ನ ಹತ್ತಿರ ಇರುವುದು 24 ಇಂಚಿನ, 1920×1080ರ ಮಾಮೂಲಿ ಐಪಿಎಸ್ ಮಾನಿಟರ್. ಎಚ್‌ಡಿಎಂಐ ಕೇಬಲ್, ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್. ಇದನ್ನು 75ಕ್ಕೆ ಏರಿಸಲು ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್, ಸಿಆರ್‌ಯು ಎಂಬ ಪುಟ್ಟ ಉಚಿತ ತಂತ್ರಾಂಶ, ಲಿನಕ್ಸ್‌ನಲ್ಲಿ ಪರದೆಯ ಸೆಟ್ಟಿಂಗ್ ಬದಲಿಸುವ ಎಕ್ಸ್‌ರಾಂಡರ್ ಆಜ್ಞೆ, ಈ ಮೂರನ್ನೂ ಬಳಸಿ ನೋಡಿದೆ. ಮೂರರಲ್ಲೂ 75 ಬಂತು. ಆದರೆ ಪರದೆ ಕಪ್ಪಾದಾಗ ಮೂರೂ ನಡೆದುಕೊಳ್ಳುವ ರೀತಿ ಬೇರೆ ಬೇರೆ.

ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ಕೆಲವರ ಮಾನಿಟರ್ 144 ಹರ್ಟ್ಜ್‌ನದ್ದೇ ಆಗಿರುತ್ತದೆ, ವಿಂಡೋಸ್ ಅದನ್ನು 60ರಲ್ಲಿ ಓಡಿಸುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ನೋಡಿ. ಅಲ್ಲೇ ದೊಡ್ಡ ಸಂಖ್ಯೆ ಇದ್ದರೆ ಅದನ್ನು ಆರಿಸಿಕೊಳ್ಳಿ. ಮುಂದಿನದ್ದು ಯಾವುದೂ ಬೇಡ.

ಇನ್ನು ಮುಖ್ಯ ವಿಷಯ. ಕಾರ್ಡ್ ಪರದೆಗೆ ಬರೀ 1920×1080 ಪಿಕ್ಸೆಲ್ ಕಳಿಸುವುದಿಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಪ್ರತಿ ಫ್ರೇಮ್‌ನ ಕೊನೆಯಲ್ಲೂ ಒಂದಷ್ಟು ಖಾಲಿ ಹೊತ್ತು ಇರುತ್ತದೆ. ಇದಕ್ಕೆ ಬ್ಲ್ಯಾಂಕಿಂಗ್ ಅಂತಾರೆ. ಹಳೆಯ ಡಬ್ಬಿಯಂಥ ಸಿಆರ್‌ಟಿ ಮಾನಿಟರ್‌ಗಳಲ್ಲಿ ಎಲೆಕ್ಟ್ರಾನ್ ಕಿರಣ ವಾಪಸ್ ಬರಲು ಆ ಹೊತ್ತು ಬೇಕಾಗುತ್ತಿತ್ತು. ಎಲ್‌ಸಿಡಿಗೆ ಅಷ್ಟು ಬೇಡ. ಟಿವಿಯ ಲೆಕ್ಕ ಹಿಡಿದರೆ ಖಾಲಿ ಜಾಗ ಸೇರಿ ಒಂದು ಫ್ರೇಮ್ 2200×1125 ಆಗುತ್ತದೆ. ಅದನ್ನು ಸೆಕೆಂಡಿಗೆ 60 ಸಲ ಕಳಿಸಲು ಪಿಕ್ಸೆಲ್ ಕ್ಲಾಕ್, ಅಂದರೆ ಪಿಕ್ಸೆಲ್ ಕಳಿಸುವ ವೇಗ, 148.5 ಮೆಗಾಹರ್ಟ್ಜ್ ಬೇಕು, 75 ಸಲಕ್ಕೆ ಸುಮಾರು 185.6. ಮಾನಿಟರ್‌ಗಳಿಗೆಂದೇ ಇರುವ ಮಾಮೂಲಿ ಸಿವಿಟಿ ಲೆಕ್ಕದಲ್ಲಿ ಅದೇ 75ಕ್ಕೆ 220.75 ಬೇಕು. ಬ್ಲ್ಯಾಂಕಿಂಗ್ ಕಡಿಮೆ ಮಾಡಿದ ಸಿವಿಟಿ-ಆರ್‌ಬಿಯಲ್ಲಾದರೆ 174.5 ಸಾಕು. ಎಚ್‌ಡಿಎಂಐನ 1.3 ಮತ್ತು 1.4 ಆವೃತ್ತಿಗಳು 340 ಮೆಗಾಹರ್ಟ್ಜ್‌ವರೆಗೆ ಹೋಗಬಲ್ಲವು. ಆದರೆ ಮಾನಿಟರ್ ಒಳಗಿನ ಬೋರ್ಡ್‌ಗೆ ಅದರದ್ದೇ ಒಂದು ಮಿತಿ ಇರುತ್ತದೆ. ನನ್ನ ಮಾನಿಟರ್ 220.75 ಕೊಟ್ಟಾಗ 'ಔಟ್ ಆಫ್ ರೇಂಜ್' ಎಂದಿತು. 174.5 ಕೊಟ್ಟಾಗ ಸುಮ್ನೆ ಚಿತ್ರ ತೋರಿಸಿತು. 75 ಆಗಲ್ಲ ಎಂದು ಕೈಬಿಡುವವರು ಮೊದಲು ಈ ಬ್ಲ್ಯಾಂಕಿಂಗ್ ಲೆಕ್ಕವನ್ನು ಬದಲಿಸಿ ನೋಡಬೇಕು.

ಎನ್ವಿಡಿಯಾ ಪ್ಯಾನೆಲ್ ಮೂರರಲ್ಲಿ ಅತ್ಯಂತ ಸುಲಭ. ಚೇಂಜ್ ರೆಸಲ್ಯೂಷನ್, ಕಸ್ಟಮೈಸ್, ಕ್ರಿಯೇಟ್ ಕಸ್ಟಮ್ ರೆಸಲ್ಯೂಷನ್. 75 ಎಂದು ಬರೆದು, ಟೈಮಿಂಗ್ ಕಡೆ ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕ್ ಆರಿಸಿ, ಟೆಸ್ಟ್ ಒತ್ತಿ. ಚಿತ್ರ ಬಾರದಿದ್ದರೆ ಏನೂ ಮುಟ್ಟದೆ ಸುಮ್ಮನಿರಿ, ಸ್ವಲ್ಪ ಹೊತ್ತಿಗೆ ಹಳೆಯದಕ್ಕೇ ಮರಳುತ್ತದೆ. ಹೊಸಬರಿಗೆ ಇದಕ್ಕಿಂತ ಧೈರ್ಯ ಕೊಡುವ ದಾರಿ ಇನ್ನೊಂದಿಲ್ಲ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಪ್ರೊಸೆಸರ್ ಜೊತೆಗಿನ ಗ್ರಾಫಿಕ್ಸ್‌ಗೆ ಜೋಡಣೆಯಾಗಿರುತ್ತದೆ. ಅಲ್ಲಿ ಈ ದಾರಿಯೇ ಇರುವುದಿಲ್ಲ.

ಎಕ್ಸ್‌ರಾಂಡರ್‌ಗೆ ಟರ್ಮಿನಲ್‌ನಲ್ಲಿ ಮೂರು ಆಜ್ಞೆ ಸಾಕು: ಹೊಸ ಮೋಡ್ ಮಾಡುವುದು, ಅದನ್ನು ಪರದೆಗೆ ಸೇರಿಸುವುದು, ಬದಲಾಯಿಸುವುದು. ನನಗೆ ಹಿಡಿಸಿದ ಗುಣ ಅಂದರೆ ಯಾವುದೂ ಉಳಿಯುವುದಿಲ್ಲ. ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ. ಹೀಗಾಗಿ ಬೇರೆ ಬೇರೆ ಸಂಖ್ಯೆ ಹಾಕಿ ಮಿತಿ ಹುಡುಕಲು ಇದು ಚೆನ್ನಾಗಿದೆ. ಆದರೆ ಅಂಕಿಗಳನ್ನು ಲೆಕ್ಕ ಹಾಕಿಕೊಡುವ ಲಿನಕ್ಸ್‌ನ ಸಿವಿಟಿ ಆಜ್ಞೆ 75ಕ್ಕೆ ಕೊಡುವುದು ಆ 220.75ರ ಲೆಕ್ಕವನ್ನೇ. ಅದರ ರೆಡ್ಯೂಸ್ಡ್ ಆಯ್ಕೆ 60, 120ರಂಥ ಸಂಖ್ಯೆಗಳಿಗೆ ಮಾತ್ರ. 75ಕ್ಕೆ ಅಂಕಿಗಳನ್ನು ನೀವೇ ಕೂಡಿಸಬೇಕು. ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಳಸುವವರಿಗೆ ಈ ದಾರಿ ಕೆಲಸಕ್ಕೆ ಬಾರದು.

ನಾನು ಕೊನೆಗೆ ಉಳಿಸಿಕೊಂಡಿದ್ದು ಸಿಆರ್‌ಯು. ಟೋಸ್ಟಿಎಕ್ಸ್ ಎಂಬ ಹೆಸರಿನಲ್ಲಿ ಬರೆಯುವವರು ಮಾಡಿದ್ದು. ಮಾನಿಟರ್ ತನ್ನ ಶಕ್ತಿಯನ್ನು ಕಂಪ್ಯೂಟರ್‌ಗೆ ತಿಳಿಸುವ ಇಡಿಐಡಿ ಎಂಬ ಮಾಹಿತಿ ಇರುತ್ತದೆ. ಸಿಆರ್‌ಯು ಅದರ ತಿದ್ದಿದ ಪ್ರತಿಯನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಇಡುತ್ತದೆ, ಮಾನಿಟರ್ ಒಳಗಿನದನ್ನು ಮುಟ್ಟುವುದಿಲ್ಲ. ಎಎಮ್‌ಡಿ, ಎನ್ವಿಡಿಯಾ, ಇಂಟೆಲ್ ಮೂರಕ್ಕೂ ನಡೆಯುತ್ತದೆ. ಬ್ಲ್ಯಾಂಕಿಂಗ್‌ನ ಒಂದೊಂದು ಅಂಕಿಯನ್ನೂ ಕೈಯಾರೆ ಬದಲಿಸಬಹುದು. ಖಾಲಿ ಜಾಗ ಸೇರಿ ಒಟ್ಟು ಫ್ರೇಮ್ ಅನ್ನು 2000×1100ಕ್ಕೆ ಇಳಿಸಿದರೆ 75ಕ್ಕೆ ಸರಿಯಾಗಿ 165 ಮೆಗಾಹರ್ಟ್ಜ್. ಹಳೆಯ ಸಿಂಗಲ್ ಲಿಂಕ್ ಡಿವಿಐ ಪೋರ್ಟ್‌ನ ಮಿತಿಯೂ ಅದೇ! ಎಲ್ಲ ಮಾನಿಟರ್‌ಗಳೂ ಅಷ್ಟು ಬಿಗಿಯಾದ ಟೈಮಿಂಗ್ ಒಪ್ಪುವುದಿಲ್ಲ, ಆದರೂ ಹಳೆಯ ಪೋರ್ಟ್ ಇರುವವರು ಒಮ್ಮೆ ನೋಡಲೇಬೇಕು. ಇದರಲ್ಲಿ ಟೆಸ್ಟ್ ಬಟನ್ ಇಲ್ಲ. ಪರದೆ ಹೋದರೆ ಸೇಫ್ ಮೋಡ್‌ಗೆ ಹೋಗಿ ಜೊತೆಗೇ ಬರುವ ರಿಸೆಟ್-ಆಲ್ ಓಡಿಸಬೇಕು. ಲ್ಯಾಪ್‌ಟಾಪ್‌ನವರು ಇನ್ನೊಂದು ಪರದೆ ಜೋಡಿಸಿಕೊಂಡೇ ಕೈಹಾಕಿ.

ಯಾವ ದಾರಿ ಹಿಡಿದರೂ ಚಿತ್ರ ಬಂತು ಅಂದಮಾತ್ರಕ್ಕೆ ಗೆದ್ದ ಹಾಗಲ್ಲ. ನನ್ನ ಮಾನಿಟರ್ 80ರಲ್ಲೂ ಚಿತ್ರ ತೋರಿಸಿತು, ಆದರೆ ಮಧ್ಯೆ ಮಧ್ಯೆ ಫ್ರೇಮ್‌ಗಳನ್ನು ನುಂಗುತ್ತಿತ್ತು. ಇದು ಕಣ್ಣಿಗೆ ಸುಲಭವಾಗಿ ಕಾಣದು. ಟೆಸ್ಟ್‌ಯುಎಫ್‌ಒ ಎಂಬ ಜಾಲತಾಣದಲ್ಲಿ ಫ್ರೇಮ್ ಸ್ಕಿಪ್ಪಿಂಗ್ ಪರೀಕ್ಷೆ ಇದೆ. ಅದನ್ನು ಓಡಿಸಿ, ಫೋನಿನ ಕ್ಯಾಮೆರಾದ ಶಟರ್ ಅನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಟ್ಟು ಫೋಟೊ ತೆಗೆಯಿರಿ. ಚೌಕಗಳು ಒಂದರ ಪಕ್ಕ ಒಂದು ಬಂದಿದ್ದರೆ ಸರಿ. ನಡುವೆ ಖಾಲಿ ಬಿದ್ದಿದ್ದರೆ ಆ ಹೆಚ್ಚಿನ ಹರ್ಟ್ಜ್ ಹೆಸರಿಗೆ ಮಾತ್ರ. 75ರಲ್ಲಿ ನನ್ನ ಫೋಟೊ ಸ್ವಚ್ಛವಾಗಿ ಬಂತು, ಅಲ್ಲಿಗೇ ನಿಂತೆ.

ಲಾಭ ಎಷ್ಟು? ಒಂದು ಫ್ರೇಮ್‌ನ ಹೊತ್ತು 16.7 ಮಿಲಿಸೆಕೆಂಡಿನಿಂದ 13.3ಕ್ಕೆ ಇಳಿಯುತ್ತದೆ. ಮೌಸ್ ಆಡಿಸುವಾಗ, ಉದ್ದನೆಯ ಪುಟ ಸರಿಸುವಾಗ ಗೊತ್ತಾಗುತ್ತದೆ. ಸಿನಿಮಾ ಜಾಸ್ತಿ ನೋಡುವವರಿಗೆ ನಾನು ಹೇಳುವುದು 72. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್. 72ರಲ್ಲಿ ಒಂದೊಂದೂ ಮೂರು ಸಲ ಸಮನಾಗಿ ಬರುತ್ತದೆ. 60ರಲ್ಲಿ ಒಂದು ಎರಡು ಸಲ, ಇನ್ನೊಂದು ಮೂರು ಸಲ ಬಂದು ಕ್ಯಾಮೆರಾ ನಿಧಾನವಾಗಿ ಸರಿಯುವ ದೃಶ್ಯಗಳಲ್ಲಿ ಜರ್ಕ್ ಕಾಣುತ್ತದೆ. ಸಿಆರ್‌ಯುನಲ್ಲಿ 72, 75 ಎರಡನ್ನೂ ಸೇರಿಸಿಟ್ಟುಕೊಂಡಿದ್ದೇನೆ.

ಇದಕ್ಕಿಂತ ತುಂಬಾ ಮೇಲೆ ಹೋಗುವ ಆಸೆ ಇದ್ದರೆ ಹೊಸ 100 ಹರ್ಟ್ಜ್ ಮಾನಿಟರ್ ಕೊಳ್ಳುವುದೇ ವಾಸಿ. 2012-13ರ ಸುಮಾರಿಗೆ ಕೊರಿಯಾದಿಂದ ಬರುತ್ತಿದ್ದ ಕೆಲವು 27 ಇಂಚಿನ 1440ಪಿ ಮಾನಿಟರ್‌ಗಳು 60ರಿಂದ 96, 120ರವರೆಗೂ ಏರುತ್ತಿದ್ದವು. ಅವುಗಳಲ್ಲಿ ಬರುವ ಚಿತ್ರವನ್ನು ಪ್ಯಾನೆಲ್‌ಗೆ ಹೊಂದಿಸುವ ಸ್ಕೇಲರ್ ಬೋರ್ಡ್ ಇರಲಿಲ್ಲ, ಡ್ಯುಯಲ್ ಲಿಂಕ್ ಡಿವಿಐ ನೇರವಾಗಿ ಪ್ಯಾನೆಲ್‌ಗೆ ಸಿಗ್ನಲ್ ಕೊಡುತ್ತಿತ್ತು. ಈಗಿನ ಮಾಮೂಲಿ ಮಾನಿಟರ್‌ಗಳಲ್ಲಿ ಸ್ಕೇಲರ್ ಇದ್ದೇ ಇರುತ್ತದೆ. ಬಹಳಷ್ಟು ಸಲ ತಡೆಯುವುದೂ ಅದೇ.