ಡಿಸಿಸಿ ಲೂಪಿಗೆ ಯಾವುದು ವಾಸಿ: ರಿಲೇ, ಆಟೋ ರಿವರ್ಸರ್, ಸೆನ್ಸರ್ ಹಳಿ?

ಶಿವಮೊಗ್ಗ–ತಾಳಗುಪ್ಪ ಮಾರ್ಗದ ರೈಲು ಮಾದರಿಯನ್ನು ಡಿಸಿಸಿಯಲ್ಲಿ (ಹಳಿಯ ಮೂಲಕವೇ ಇಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಕಟ್ಟುವವರಿಗೆ ತಾಳಗುಪ್ಪದ ಹಿಂದೆ ಮರೆಯಲ್ಲೊಂದು ಲೂಪ್, ಅಂದರೆ ರೈಲು ಸುತ್ತಿ ಬಂದ ಹಳಿಗೇ ಮರಳುವ ಸುತ್ತು, ಬೇಕೇ ಬೇಕು. ನಿಜದಲ್ಲಿ ಅಲ್ಲಿಗೆ ಹಳಿ ಮುಗಿಯುತ್ತದೆ, ಇಂಜಿನ್ ಬಿಡಿಸಿ ಇನ್ನೊಂದು ತುದಿಗೆ ತರಬೇಕು. ಲೂಪ್ ಹಾಕಿದರೆ ಎಡಹಳಿ ಸುತ್ತಿ ಬಂದು ಬಲಹಳಿಗೆ ಸೇರಿ ಶಾರ್ಟ್ ಆಗುತ್ತದೆ. ಮೂರು ಹಳಿಯ ಮೆರ್ಕ್ಲಿನ್ (ಜರ್ಮನ್ ಕಂಪನಿಯ ಮಾದರಿ ರೈಲು) ಇಟ್ಟವರಿಗೆ ಈ ತಲೆನೋವಿಲ್ಲ.

ಇದಕ್ಕೆ ಲೂಪಿನ ಎರಡು ಹಳಿಗಳ ಪೊಲಾರಿಟಿಯನ್ನು ಅದಲುಬದಲು ಮಾಡುವ ಸಾಧನ (ರಿವರ್ಸರ್) ಬೇಕು. ಯಾವ ಸಾಧನ ಹಾಕಿದರೂ ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಬೇಕು. ಕತ್ತರಿಸಿದ ಭಾಗ ಅತಿ ಉದ್ದದ ರೈಲಿಗಿಂತ ಉದ್ದ ಇರಬೇಕು. ಲೋಹದ ಚಕ್ರಗಳು ಎರಡೂ ತುದಿಯನ್ನು ಒಟ್ಟಿಗೆ ದಾಟಿದರೆ ಯಾವ ರಿವರ್ಸರ್ ಕೈಲೂ ಆಗದು.

ಅಗ್ಗದ್ದು ಪಾಯಿಂಟಿನ (ಹಳಿ ಕವಲೊಡೆಯುವ ಜಾಗ) ಜೊತೆ ತಿರುಗುವ, ಎರಡೂ ತಂತಿಯನ್ನು ಒಟ್ಟಿಗೆ ಬದಲಿಸುವ ಡಬಲ್ ಪೋಲ್ ರಿಲೇ. ರೈಲು ಓಡಿಸುವ ಕಂಪ್ಯೂಟರ್ ಹೇಗೂ ಪಾಯಿಂಟ್ ಬದಲಿಸುತ್ತದೆ, ಪೊಲಾರಿಟಿಯೂ ಅದರ ಜೊತೆಗೇ ತಿರುಗುತ್ತದೆ. ಡಿಸಿಸಿಯಲ್ಲಿ ಇಂಜಿನ್ನಿನ ದಿಕ್ಕು ಅದರೊಳಗಿನ ಡಿಕೋಡರ್ (ಆದೇಶ ಓದುವ ಚಿಪ್) ಕೈಯಲ್ಲಿರುವುದರಿಂದ ಓಡುತ್ತಿರುವಾಗಲೇ ತಿರುಗಿಸಬಹುದು. ಆದರೆ ಕೊನೆಯ ಡಬ್ಬಿ ಒಳಗೆ ಬರುವ ಮೊದಲು ತಿರುಗಿದರೂ, ಯುಎಸ್‌ಬಿ ತಡವರಿಸಿ ಆದೇಶ ತಡವಾದರೂ ಶಾರ್ಟ್ ಖಚಿತ. ಒಂದೇ ರೈಲು ಓಡಿಸುವವರಿಗೆ ಸಾಕು.

ಶಾರ್ಟ್ ಗ್ರಹಿಸಿ ತಾನೇ ತಿರುಗುವ ಆಟೋ ರಿವರ್ಸರ್‌ನಲ್ಲಿ ಎರಡು ಬಗೆ. ರಿಲೇ ಇರುವುದು ತಿರುಗಲು ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಚುರುಕಾದ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಸಾಧನ) ಅಷ್ಟರಲ್ಲೇ ಕಟ್ ಮಾಡಿ ಇಡೀ ಲೇಔಟ್ ನಿಂತುಬಿಡುತ್ತದೆ. ಟ್ರಾನ್ಸಿಸ್ಟರ್ ಮಾದರಿ ಬೇಗ ತಿರುಗುತ್ತದೆ, ದುಡ್ಡು ಹೆಚ್ಚು, ಆದರೂ ಅದೇ ಲೇಸು. ಎರಡರಲ್ಲೂ ಟ್ರಿಪ್ ಕರೆಂಟ್ (ಎಷ್ಟಾದರೆ ಶಾರ್ಟ್ ಎಂದು ಎಣಿಸಬೇಕೋ ಆ ಮಿತಿ) ಬೂಸ್ಟರ್‌ನದಕ್ಕಿಂತ ಕಡಿಮೆ ಇಡಿ. ತೀರಾ ಕಡಿಮೆ ಇಟ್ಟರೆ ಸೌಂಡ್ ಡಿಕೋಡರ್ ಚಾಲೂ ಆಗುವಾಗ ಎಳೆಯುವ ಕರೆಂಟನ್ನೇ ಶಾರ್ಟ್ ಎಂದುಕೊಂಡು ತಿರುಗುತ್ತಲೇ ಇರುತ್ತದೆ. ಲೂಪಿನ ಮಧ್ಯದಲ್ಲಿ ಎರಡೂ ಹಳಿಗೆ ನಾಣ್ಯ ಅಡ್ಡ ಇಟ್ಟು ನೋಡಿ: ಬೂಸ್ಟರ್ ಕಟ್ ಆಗದಿದ್ದರೆ ತಂತಿ ಸಣ್ಣದಾಯಿತು. ಪಕ್ಕಪಕ್ಕದ ಎರಡು ಭಾಗಕ್ಕೂ ರಿವರ್ಸರ್ ಹಾಕಬೇಡಿ, ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ.

ಕಂಪ್ಯೂಟರಿಗೆ ನಿಜವಾದ ತೊಂದರೆ ಬೇರೆಯೇ. ಪೊಲಾರಿಟಿ ತಿರುಗುವ ಕ್ಷಣದಲ್ಲಿ ಬ್ಲಾಕ್ (ಹಳಿಯ ಆ ತುಂಡು) ಖಾಲಿ ಎಂದು ರೈಲು ಇದೆಯೇ ಎಂದು ಕರೆಂಟಿನಿಂದ ಅರಿಯುವ ಡಿಟೆಕ್ಟರ್ ತೋರಿಸುತ್ತದೆ, ಸಾಫ್ಟ್‌ವೇರ್ ಮುಂದಿನ ರೈಲನ್ನು ಒಳಬಿಡುತ್ತದೆ. ಜೆಎಂಆರ್‌ಐನಲ್ಲಿ (ಮಾದರಿ ರೈಲು ನಡೆಸುವ ಸಾಫ್ಟ್‌ವೇರ್) ಆ ಡಿಟೆಕ್ಟರ್‌ನ ಸೆನ್ಸರ್‌ಗೆ ಇನ್‌ಆ್ಯಕ್ಟಿವ್ ಡಿಲೇ (ಖಾಲಿ ಎನ್ನುವ ಮುನ್ನ ಕಾಯುವ ಸಮಯ) 500ರಿಂದ 1000 ಮಿಲಿಸೆಕೆಂಡ್ ಕೊಟ್ಟರೆ ಈ ತೊಂದರೆ ನಿಲ್ಲುತ್ತದೆ. ಡಿಟೆಕ್ಟರನ್ನು ರಿವರ್ಸರ್‌ಗಿಂತ ಮೊದಲು ಜೋಡಿಸಿದರೆ, ರಿವರ್ಸರ್ ತಾನು ಎಳೆಯುವ ಕರೆಂಟಿನಿಂದಲೇ ಖಾಲಿ ಲೂಪ್ ತುಂಬಿದೆ ಎಂದು ತೋರಬಹುದು. ಕಾಯಿಲ್ ಡಿಟೆಕ್ಟರನ್ನು ರಿವರ್ಸರ್ ನಂತರ ಹಾಕಿ.

ಮೂರನೆಯದು ಸೆನ್ಸರ್ ಹಳಿಯ ರಿವರ್ಸರ್. ತುದಿಯಲ್ಲಿ ಕತ್ತರಿಸಿದ ಪುಟ್ಟ ಹಳಿತುಂಡು ಚಕ್ರ ಬಂದದ್ದನ್ನು ತಿಳಿಸುವುದರಿಂದ ಇದು ಶಾರ್ಟ್ ಆಗುವ ಮೊದಲೇ ತಿರುಗುತ್ತದೆ: ಕಿಡಿ ಇಲ್ಲ, ಚಕ್ರ ಸುಡುವುದಿಲ್ಲ. ತುದಿಗೆ ಇನ್ನಷ್ಟು ಕತ್ತರಿಸುವ ಕೆಲಸ ಮಾತ್ರ ಹೆಚ್ಚು. ಕೈಗೆಟುಕದ, ಗುಡ್ಡದಡಿಯ ಲೂಪಿಗೆ ನನ್ನ ಮತ ಇದಕ್ಕೇ.

ಮಲೆನಾಡಿನ ಮಾತೊಂದು. ಮಳೆಗಾಲದಲ್ಲಿ ಉಬ್ಬಿದ ಪ್ಲೈವುಡ್ ಮೇಲೆ ಕತ್ತರಿಸಿದ ಸಂದು ಮಾರ್ಚಿನಲ್ಲಿ ಹಲಗೆ ಒಣಗಿ, ಹಳಿ ಹಿಗ್ಗಿ ಮುಚ್ಚಿಕೊಳ್ಳುತ್ತದೆ. 1 ಮಿ.ಮೀ. ಪ್ಲಾಸ್ಟಿಕ್ ತುಂಡು ತುರುಕಿ ಅಂಟಿಸಿ ಹಳಿಯ ಮಟ್ಟಕ್ಕೆ ಅರದಿಂದ ಉಜ್ಜಿ. ಆಮೇಲೆ ಮೀಟರನ್ನು ಎಸಿಗೆ ಇಟ್ಟು ಸಂದಿನ ಎರಡೂ ಬದಿಗೆ, ಒಂದೇ ಸಾಲಿನ ಹಳಿಗೆ ಹಿಡಿಯಿರಿ: ಸೊನ್ನೆ ಆಸುಪಾಸು ಬಂದರೆ ಪೊಲಾರಿಟಿ ಹೊಂದಿದೆ, ಪೂರ್ತಿ ಹಳಿ ವೋಲ್ಟೇಜ್ ಬಂದರೆ ಎದುರುಬದುರಾಗಿದೆ. ಒಂದು ತುದಿಯಲ್ಲಿ ಸೊನ್ನೆ ಬಂದಾಗ ಇನ್ನೊಂದರಲ್ಲಿ ಪೂರ್ತಿ ವೋಲ್ಟೇಜ್ ಬರಬೇಕು; ಪೊಲಾರಿಟಿ ತಿರುಗಿಸಲು ಹೋದಾಗ ಶಾರ್ಟ್ ಆಗಿ, ಒಂದೇ ತುದಿಯಲ್ಲಿ ಸದಾ ಸೊನ್ನೆಯೇ ಬಂದರೆ ಆ ತುದಿಯ ಸಂದು ಮುಚ್ಚಿರಬಹುದು.